ತೇ ಅರಾರೋವಾ: ರಾಕಾಯಾ, ರಂಗಿಟಾಟಾ ನದಿಗಳು ದಾರಿಯ ಭಾಗವಲ್ಲ

ನ್ಯೂಜಿಲೆಂಡ್‌ನ ತೇ ಅರಾರೋವಾ ಅನ್ನೋ ಉದ್ದದ ಕಾಲ್ನಡಿಗೆ ದಾರಿಯನ್ನು ತುದಿಯಿಂದ ತುದಿಗೆ ನಡೆದೇ ಮುಗಿಸಬಹುದು, ನದಿಗಳನ್ನೂ ಇಳಿದು ದಾಟಬಹುದು ಅನ್ನೋ ಮಾತು ಹರಿದಾಡುತ್ತಿದೆ. ಇದು ತಪ್ಪು.

2011ರಲ್ಲಿ ತೆರೆದ ಈ ದಾರಿ ಉತ್ತರದ ಕೇಪ್ ರೀಂಗಾದಿಂದ ದಕ್ಷಿಣದ ಬ್ಲಫ್‌ವರೆಗೆ ಸುಮಾರು 3,000 ಕಿ.ಮೀ. ಇದೆ, ನಿಜ. ಆದರೆ ದೇಶದ ಉತ್ತರ ಮತ್ತು ದಕ್ಷಿಣ ದ್ವೀಪಗಳ ನಡುವೆ ಕುಕ್ ಜಲಸಂಧಿ ಇದೆಯಲ್ವಾ? ಅಲ್ಲಿ ಫೆರ್ರಿ ಹತ್ತಲೇಬೇಕು.

ನನಗೆ ಜಾಸ್ತಿ ಭಯ ದಕ್ಷಿಣ ದ್ವೀಪದ ರಾಕಾಯಾ, ರಂಗಿಟಾಟಾ ನದಿಗಳದ್ದು. ದಾರಿ ಒಂದು ದಡದಲ್ಲಿ ನಿಂತು, ಆಚೆ ದಡದಲ್ಲಿ ಮತ್ತೆ ಶುರುವಾಗುತ್ತದೆ. ನೀರು ಹಲವು ಕವಲಾಗಿ ಹರಿಯುವುದರಿಂದ ಆಳ ಕಡಿಮೆ ಅನ್ನಿಸುತ್ತದೆ. ಮೇಲೆ ಬೆಟ್ಟದಲ್ಲಿ ಮಳೆಯಾದರೆ, ನೀವು ನಿಂತಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ದಯವಿಟ್ಟು ಇಳಿಯಬೇಡಿ. ಸೇತುವೆ ಕಡೆಯಿಂದ ಸುತ್ತಿ ಹೋಗಲು ಗಾಡಿ ಮೊದಲೇ ಗೊತ್ತುಮಾಡಿಕೊಳ್ಳಿ, ಅದಕ್ಕೊಂದು ದಿನ ಬಿಟ್ಟಿಡಿ.