ಬರೀ ಕಿವಿಯಿದ್ದರೆ ಸಾಲದು

"ಕೇಳಿಸಿಕೊಳ್ಳೋ ತಾಳ್ಮೆ ಇದ್ದರೆ ಯಾರು ಬೇಕಾದರೂ ಕೌನ್ಸೆಲರ್ ಆಗಬಹುದು" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಲ್ಲ ಸ್ವಾಮಿ. ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆ ಓದುತ್ತಿದ್ದೇನೆ, ತೀರ್ಥಹಳ್ಳಿ ಕಡೆಯಿಂದ ದಿನಾ ಬಸ್ಸು. ನಮಗೆ ಕಲಿಸೋದು ಸಮನ್ವಯ ಪದ್ಧತಿ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ, ತೀರ್ಪು ಕೊಡದೆ ಎದುರಿನವರ ಮಾತಿಗೆ ಮನಸ್ಸು ಕೊಡುವ ವ್ಯಕ್ತಿಕೇಂದ್ರಿತ ವಿಧಾನ, ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಯೋಚನೆ ತಿದ್ದುವ ಚಿಕಿತ್ಸೆ, ಈಗಿನ ನೋವಿನ ಬೇರನ್ನು ಬಾಲ್ಯದಲ್ಲಿ ಹುಡುಕುವ ಫ್ರಾಯ್ಡ್ ಪರಂಪರೆ, ಇವುಗಳಲ್ಲಿ ಎದುರಿಗಿದ್ದವರಿಗೆ ಯಾವುದು ಒಗ್ಗುತ್ತೋ ನೋಡಿ ಹೆಣೆಯಬೇಕು. ಕೈಗೆ ಸಿಕ್ಕಿದ್ದೆಲ್ಲ ಕಲಸಿದರೆ ಅದು ಸಮನ್ವಯ ಅಲ್ಲ, ಕಲಸುಮೇಲೋಗರ.

ಅಭ್ಯಾಸಕ್ಕೆ ಮೂವರು ಕೂರುತ್ತೇವೆ. ಒಬ್ಬರು ಹೇಳೋದು, ಒಬ್ಬರು ಕೇಳೋದು, ಇನ್ನೊಬ್ಬರು ಸುಮ್ಮನೆ ಗಮನಿಸೋದು. ಮೊದಲ ಸಲ ನಾನು ಕೇಳುವವಳು. ಸಹಪಾಠಿ, "ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿತು, ಅಪ್ಪ ಮಾತೇ ಬಿಟ್ಟಿದ್ದಾರೆ" ಅಂದ. ನಾನು ಥಟ್ಟನೆ, "ಬೋರ್ಡೋ ಔಷಧಿ ಹೊಡೆಸಿರಲಿಲ್ವಾ?" ಅಂದೆ! ಗಮನಿಸುತ್ತಿದ್ದವಳು ಪೆನ್ನು ಕೆಳಗಿಟ್ಟಳು. ಅಪ್ಪನ ಮೌನ ಬಿಟ್ಟು ತೋಟ ಹಿಡಿದಿದ್ದೆ. ಮಲೆನಾಡಿನವರ ರೋಗವೇ ಇದು, ಕಷ್ಟ ಹೇಳಿದರೆ ಔಷಧಿ ಹೇಳೋದು.

ಇನ್ನೊಂದು ವಿಷಯ. ತೀವ್ರ ಖಿನ್ನತೆ, ಸಾಯೋ ಯೋಚನೆ ಕಂಡರೆ ನಾವು ಒಬ್ಬರೇ ನಿಭಾಯಿಸೋದಲ್ಲ, ಮನೋವೈದ್ಯರ ಹತ್ತಿರ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ನಂಬರನ್ನಾದರೂ ಲೇಖನದ ಕೊನೆಗೆ ಸೇರಿಸಿ.