ಪೂರ್ತಿ ಹೊಡೆದುಬಿಡೋಣ ಸಾರ್

ಪುಣೆಯಲ್ಲಿ ಹಳೆ ಗಾಡಿ ಸಾಕಿಕೊಂಡವರ ನಡುವೆ ಕೆಎ ನಂಬರಿನ ಪ್ರೀಮಿಯರ್ ಪದ್ಮಿನಿ ಕಾರೊಂದು ಬಂದು ನಿಂತರೆ ಮೊದಲು ಕೇಳಿಬರುವುದು ಎಂಜಿನ್ನಿನ ಮಾತಲ್ಲ. "ಬಣ್ಣ ಹೊಸದಾಗಿ ಹೊಡೆಸಿದ್ದಲ್ಲವಾ?" ನಮ್ಮೂರಲ್ಲಾದರೆ ಇದು ಹೊಗಳಿಕೆ. ಇಲ್ಲಿ ಕೇಳುವವರ ದನಿಯಲ್ಲಿ ಮರುಕ ಇರುತ್ತದೆ. ಬೆಂಗಳೂರಿಂದಲೋ ಹುಬ್ಬಳ್ಳಿಯಿಂದಲೋ ಬಂದ ಗಾಡಿಯಲ್ಲಿ ಕಾರ್ಖಾನೆಯ ಬಣ್ಣ ಉಳಿದಿರಲಾರದು ಎಂದು ಇಲ್ಲಿನ ಹಳಬರು ಹತ್ತಿರ ಬರುವ ಮೊದಲೇ ತೀರ್ಮಾನಿಸಿರುತ್ತಾರೆ. ಆ ಮಾತು ಚುಚ್ಚುತ್ತದೆ. ಅವರ ಊಹೆ ಬಹಳ ಸಲ ಸರಿಯಾಗಿಯೇ ಇರುತ್ತದೆ ಅನ್ನುವುದು ಇನ್ನೂ ಚುಚ್ಚುತ್ತದೆ.

ನಮ್ಮ ಕಡೆ ಗಾಡಿ ಮಂಕಾಯಿತೆಂದರೆ ಪೇಂಟರ್ ಬಾನೆಟ್ಟಿನ ಮೇಲೆ ಬೆರಳಾಡಿಸಿ, ಬೆರಳಿಗಂಟಿದ ಪುಡಿ ತೋರಿಸಿ, "ಪೂರ್ತಿ ಹೊಡೆದುಬಿಡೋಣ ಸಾರ್, ಶೋರೂಮ್ ಗಾಡಿ ಥರ ಆಗುತ್ತೆ, ಹಬ್ಬದೊಳಗೆ ಕೊಡ್ತೀನಿ" ಅನ್ನುತ್ತಾನೆ. ಯಜಮಾನರಿಗೂ ಅದೇ ಬೇಕಾಗಿರುತ್ತದೆ. ಪುಣೆಯ ಹಳೆಯ ಗ್ಯಾರೇಜಿನ ಕಾಕಾ ಅದೇ ಪುಡಿ ನೋಡಿ "ಅಜೂನ್ ಜೀವ್ ಆಹೇ ರಂಗಾತ್" ಅನ್ನುತ್ತಾರೆ, ಬಣ್ಣದಲ್ಲಿ ಇನ್ನೂ ಜೀವ ಇದೆ ಅಂತ. ಕಾಕಾ ಹೇಳುವುದೇ ಸರಿ.

ಹಳೆಯ ಪದ್ಮಿನಿ, ಅಂಬಾಸಿಡರ್‌ಗಳ ಬಹುಪಾಲು ಗಾಡಿಗಳಲ್ಲಿ ಇಂದಿನ ಕಾರುಗಳಲ್ಲಿರುವ ಹಾಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇಲ್ಲ. ಬಣ್ಣವೇ ಹೊಳಪು, ಹೊಳಪೇ ಬಣ್ಣ. ಸಿಂಗಲ್ ಸ್ಟೇಜ್ ಅನ್ನುವುದು ಇದನ್ನೇ. ಬಿಸಿಲಿಗೆ ಮೇಲ್ಪದರದ ರಾಳ ಸವೆದು, ಹಿಡಿತ ತಪ್ಪಿದ ಬಣ್ಣದ ಕಣಗಳು ಪುಡಿಯಾಗಿ ಮೇಲೆ ಕೂರುತ್ತವೆ. ಸತ್ತಿರುವುದು ಆ ತೆಳ್ಳನೆಯ ಪದರ ಮಾತ್ರ. ಅದರಡಿಯಲ್ಲಿ ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣ ಹಾಗೇ ಇರುತ್ತದೆ. ಪದ್ಮಿನಿ ತಯಾರಾಗುತ್ತಿದ್ದ ಕುರ್ಲಾದ ಕಾರ್ಖಾನೆ ಆ ಗಾಡಿಯನ್ನು ನಿಲ್ಲಿಸಿ ಇಪ್ಪತ್ತು ವರ್ಷಗಳ ಮೇಲಾಯಿತು. 2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಯೂ ಹೋಯಿತು. ಕೆರೆದು ಎಸೆದ ಆ ಬಣ್ಣವನ್ನು ಇನ್ನು ಯಾರೂ ತಂದುಕೊಡಲಾರರು.

ಇಲ್ಲಿ ಒಳ್ಳೆಯ ಕೈಗೆ ಗಾಡಿ ಸಿಕ್ಕಿದರೆ ಮೊದಲ ದಿನವೆಲ್ಲ ಬರೀ ತಪಾಸಣೆ. ಬಿಳಿ ಬನಿಯನ್ ಬಟ್ಟೆಗೆ ಚೂರು ಪಾಲಿಶ್ ಹಾಕಿ ಡಿಕ್ಕಿಯ ಮೂಲೆಯಲ್ಲಿ ಅಂಗೈಯಗಲ ಉಜ್ಜುತ್ತಾರೆ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಸಿಂಗಲ್ ಸ್ಟೇಜ್, ಹತ್ತದಿದ್ದರೆ ಮೇಲೆ ಕ್ಲಿಯರ್ ಇದೆ. ಮರೆಯಲ್ಲಿರುವ ಜಾಗಕ್ಕೆ ಥಿನ್ನರ್ ಅದ್ದಿದ ಬಟ್ಟೆ ಒತ್ತಿದಾಗ ಕರಗಿ ಬರುವುದು ಎನ್‌ಸಿ, ಅಂದರೆ ನಮ್ಮವರು ಈಗಲೂ ಡ್ಯೂಕೋ ಅನ್ನುವ ನೈಟ್ರೋಸೆಲ್ಯುಲೋಸ್ ಬಣ್ಣ, ಸುಕ್ಕುಗಟ್ಟಿದರೆ ಎನಾಮೆಲ್, ಏನೂ ಆಗದಿದ್ದರೆ ಮೇಲೆ ಯಾರೋ 2ಕೆ ಪಿಯು, ಅಂದರೆ ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣ, ಹೊಡೆದಿದ್ದಾರೆ. ಆಮೇಲೆ ಬಣ್ಣದ ದಪ್ಪ ಅಳೆಯುವ ಥಿಕ್‌ನೆಸ್ ಗೇಜ್. ಪ್ರತಿ ಭಾಗದಲ್ಲೂ ಐದಾರು ಕಡೆ ಅಳೆದು, ಅಂಕಿಯನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸುತ್ತಾರೆ. 100ರಿಂದ 180 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಬಂದರೆ ಒಂದೇ ಸಲದ ಬಣ್ಣ ಅಂದುಕೊಳ್ಳಬಹುದು. 250 ದಾಟಿದರೆ ಮೇಲೆ ಮತ್ತೊಮ್ಮೆ ಹೊಡೆದಿರುವ ಸಂಭವ ಹೆಚ್ಚು. 500 ದಾಟಿ ಸಾವಿರದ ಕಡೆ ಹೋದರೆ ಒಳಗೆ ಪುಟ್ಟಿ ಕೂತಿದೆ. 80ಕ್ಕಿಂತ ಕೆಳಗೆ ಬಂದ ಜಾಗಕ್ಕೆ ಮೆಷೀನ್ ಮುಟ್ಟಿಸುವುದಿಲ್ಲ.

ತೊಳೆಯುವಾಗ ಎರಡು ಬಕೆಟ್, ಒಂದು ಶಾಂಪೂ ನೀರಿಗೆ, ಇನ್ನೊಂದು ಕೈಗವಸು ಜಾಲಿಸಲಿಕ್ಕೆ. ಆಮೇಲೆ ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಕ್ಲೇ ಬಾರ್, ಧಾರಾಳವಾಗಿ ಶಾಂಪೂ ನೀರು ಹಾಕಿಕೊಂಡು. ಕ್ಲೇ ನೆಲಕ್ಕೆ ಬಿದ್ದರೆ ಎಸೆಯಲೇಬೇಕು, ಅದಕ್ಕೆ ಅಂಟಿದ ಒಂದು ಮರಳಿನ ಕಣ ಇಡೀ ಬಾಗಿಲಿಗೆ ಗೀರೆಳೆಯುತ್ತದೆ. ಪುಡಿಗಟ್ಟಿದ ಬಣ್ಣಕ್ಕೆ ನೇರವಾಗಿ ಉಜ್ಜಿ ಸವೆಸುವ ಕಾಂಪೌಂಡ್ ಹಾಕದೆ ಮೊದಲು ಎಣ್ಣೆಯಂಶದ ಗ್ಲೇಜ್ ಉಣಿಸಬೇಕು. ಹಳೆ ಗಾಡಿಯವರು ಬಹುಕಾಲದಿಂದ ನಂಬಿರುವುದು ಮೆಗ್ವಾಯರ್ಸ್‌ನ 7ನೇ ನಂಬರಿನದು. ಟರ್ಕಿ ಟವಲಿನ ತುಂಡಿಗೆ ದಂಡಿಯಾಗಿ ಹಾಕಿ, ಒತ್ತಿ ಉಜ್ಜಿ, ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಒರೆಸುವುದು. ಒಣಗಿದ ಬಣ್ಣ ಎಣ್ಣೆ ಕುಡಿದು ಗಾಢವಾಗುತ್ತದೆ, ಮುಂದಿನ ಪಾಲಿಶಿಗೆ ಹರಿಯದೆ ತಡೆದುಕೊಳ್ಳುತ್ತದೆ. ಕೆಂಪು ಗಾಡಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇಷ್ಟಾದ ಮೇಲೆ ಮೆಷೀನ್. ತಿರುಗುತ್ತಲೇ ಆಚೀಚೆ ಅಲುಗುವ ಡ್ಯುಯಲ್ ಆ್ಯಕ್ಷನ್ ಪಾಲಿಶರ್, ಮೆತ್ತನೆಯ ಫೋಮ್ ಪ್ಯಾಡ್, ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್. ಒಂದು ಸಲಕ್ಕೆ ಒಂದೂವರೆ ಅಡಿ ಚೌಕ ಸಾಕು. ಮೆಷೀನಿನ ವೇಗದ ಗುಂಡಿ 4 ಅಥವಾ 5ರಲ್ಲಿ, ಒಂದು ಪಟ್ಟಿಯ ಅರ್ಧ ಇನ್ನೊಂದರ ಮೇಲೆ ಬರುವಂತೆ ಅಡ್ಡಕ್ಕೂ ಉದ್ದಕ್ಕೂ ನಾಲ್ಕರಿಂದ ಆರು ಸಲ. ಸಿಂಗಲ್ ಸ್ಟೇಜಿನಲ್ಲಿ ಪ್ಯಾಡಿಗೆ ಗಾಡಿಯ ಬಣ್ಣ ತುಂಬಿಕೊಳ್ಳುತ್ತದೆ. ಪ್ರತಿ ಭಾಗಕ್ಕೂ ಬ್ರಷ್ ಹಾಕಿ ತೆಗೆಯದಿದ್ದರೆ, ತೆಗೆದ ಸತ್ತ ಬಣ್ಣವನ್ನೇ ತಿರುಗಿ ಗಾಡಿಗೆ ಮೆತ್ತಿದಂತೆ. ಅಂಚು ಮತ್ತು ಏಣುಗಳಿಗೆ ಮೊದಲೇ ಟೇಪ್ ಹಾಕಿರಬೇಕು. ಹಸಿ ಬಣ್ಣ ಅಂಚಿನಿಂದ ಆಚೀಚೆ ಜಾರುವುದರಿಂದ ಅಲ್ಲಿ ಪದರ ಯಾವಾಗಲೂ ತೆಳ್ಳಗೆ, ಬಣ್ಣದಡಿಯ ಪ್ರೈಮರ್ ಕಾಣಿಸಿಕೊಳ್ಳುವುದು ಅಲ್ಲಿಂದಲೇ.

ನಮ್ಮ ಕಡೆಯ ಎಷ್ಟೋ ಗ್ಯಾರೇಜುಗಳಲ್ಲಿ ಕಾಣುವುದು ಒಂದೇ ಸಮನೆ ಗಿರಗಿರ ತಿರುಗುವ, ಉಣ್ಣೆ ಪ್ಯಾಡಿನ ರೋಟರಿ ಮೆಷೀನ್, ದಪ್ಪ ರಬ್ಬಿಂಗ್ ಕಾಂಪೌಂಡ್, ಇರುವಷ್ಟೂ ವೇಗ. 1000ದಿಂದ 1200 ಆರ್‌ಪಿಎಂನಲ್ಲಿ ನಿಧಾನವಾಗಿ ಓಡಿಸಿದರೆ ರೋಟರಿಯೂ ಒಳ್ಳೆಯದೇ. ಅವಸರದಲ್ಲಿ ಒಂದೇ ಕಡೆ ನಿಂತರೆ ಬಣ್ಣ ಕಾದು ಎನ್‌ಸಿ ಮೆತ್ತಗಾಗುತ್ತದೆ, ಏಣು ಸುಡುತ್ತದೆ. ನೆರಳಲ್ಲಿ ಫಳಫಳ ಅನ್ನುವ ಬಾನೆಟ್ಟು ಬಿಸಿಲಿಗೆ ಬಂದಾಗ ಸುಳಿಸುಳಿಯಾಗಿ ಕಾಣುವುದು ಇದರಿಂದಲೇ. ಮೇಲೆ ಸವರಿದ ಸಿಲಿಕೋನ್ ಪಾಲಿಶ್ ಆ ಸುಳಿಗಳನ್ನು ನಾಲ್ಕೈದು ತೊಳೆತದವರೆಗೆ ಮುಚ್ಚಿಡುತ್ತದೆ. ಅದೇ ಸಿಲಿಕೋನ್ ಮುಂದೆ ಬಣ್ಣ ಹೊಡೆಯುವಾಗ ಮೀನಿನ ಕಣ್ಣಿನಂಥ ಗುಳಿಗಳಾಗಿ ಸೇಡು ತೀರಿಸಿಕೊಳ್ಳುತ್ತದೆ. ಹಳೆ ಎನ್‌ಸಿಯ ಮೇಲೆ ನೇರವಾಗಿ 2ಕೆ ಹೊಡೆದರೆ ಹೊಸ ಥಿನ್ನರ್ ಕೆಳಗಿನ ಬಣ್ಣವನ್ನು ಎಬ್ಬಿಸಿ ಸುಕ್ಕು ಮಾಡುವುದೂ ಉಂಟು. ನಡುವೆ ಎಪಾಕ್ಸಿ ಪ್ರೈಮರ್ ಹಾಕಲು ಒಂದು ದಿನ ಹೆಚ್ಚು ಬೇಕು, ಆ ಒಂದು ದಿನವನ್ನು ಹಬ್ಬ ನುಂಗಿರುತ್ತದೆ.

ಹಬ್ಬದ ಮಾತು ಬಂದಿತಲ್ಲ, ಆಯುಧಪೂಜೆಯನ್ನು ಬಿಡುವ ಹಾಗಿಲ್ಲ. ದಸರೆಗೆ ಇಲ್ಲೂ ಗಾಡಿಗೆ ಚೆಂಡುಹೂವಿನ ಹಾರ, ಕುಂಕುಮ ಎಲ್ಲ ಇದೆ. ಆದರೆ ಪುಡಿಗಟ್ಟಿದ ಬಿಳಿ ಅಂಬಾಸಿಡರಿನ ಬಾನೆಟ್ಟಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಗಂಧ ಕುಂಕುಮವಿಟ್ಟು, ಬಾಳೆಕಂದನ್ನು ಸುತಲಿ ಹಗ್ಗದಲ್ಲಿ ಬಿಗಿದು ಊರೆಲ್ಲ ಸುತ್ತುವುದು ನಮ್ಮದೇ ಸಂಭ್ರಮ. ಅದು ಬೇಡ ಅನ್ನುವವರ ಜೊತೆ ಮಾತಿಲ್ಲ. ಆದರೆ ಅರಿಸಿನದ ಬಣ್ಣ ಸೂಕ್ಷ್ಮರಂಧ್ರ ಬಿದ್ದ ಪೇಂಟಿನೊಳಕ್ಕೆ ಇಳಿಯುತ್ತದೆ, ಒಣಗಿದ ವಿಭೂತಿಯನ್ನು ಒರೆಸುವುದು ವಾಟರ್ ಪೇಪರ್ ತಿಕ್ಕಿದ ಹಾಗೆ, ಬಾಳೆಯ ರಸದ ಕಂದು ಕಲೆ ಹೋಗುವುದಿಲ್ಲ. ಎರಡು ದಿನ ಮುಂಚೆ ವ್ಯಾಕ್ಸ್ ಹಾಕಿಡಿ. ಕುಂಕುಮ ಗಾಜಿಗೋ ಕ್ರೋಮ್ ಬಂಪರಿಗೋ ಇಡಿ, ಬಾಳೆಕಂದನ್ನು ಬಂಪರಿಗೆ ಬಟ್ಟೆಪಟ್ಟಿಯಲ್ಲಿ ಕಟ್ಟಿ. ಸಂಜೆಯೇ ಉಜ್ಜದೆ ಬರೀ ನೀರು ಹರಿಸಿ ತೊಳೆಯಿರಿ. ಬೋರ್‌ವೆಲ್ ನೀರಾದರೆ ಒಣಗಲು ಬಿಡದೆ ಮೈಕ್ರೋಫೈಬರಿನಿಂದ ಒತ್ತಿ ತೆಗೆಯಿರಿ, ಸುಣ್ಣದ ಚುಕ್ಕೆ ಬಿದ್ದರೆ ಇನ್ನೊಂದು ಕೆಲಸ.

ಇನ್ನು ಊರಿನ ಪರವಾಗಿ ಹೇಳಬೇಕಾದದ್ದೂ ಇದೆ. ಪುಣೆಯ ಅಂಗಡಿಗಳೆಲ್ಲ ಕಾಕಾನಂಥವರವಲ್ಲ. ಪುಡಿಗಟ್ಟಿದ ಬಣ್ಣದ ಮೇಲೇ ಸಿರಾಮಿಕ್ ಕೋಟಿಂಗ್ ಮೆತ್ತಿ ದೊಡ್ಡ ಬಿಲ್ ಕೊಡುವವರೂ ಇಲ್ಲಿದ್ದಾರೆ. ಮೂಲ ಬಣ್ಣದ ಮೋಹದಲ್ಲಿ ಬಾಗಿಲಡಿಯ ತುಕ್ಕನ್ನೂ ಹಾಗೇ ಉಳಿಸಿಕೊಳ್ಳುವವರಿದ್ದಾರೆ. ಬಣ್ಣ ತಳದವರೆಗೆ ಬಿರುಕುಬಿಟ್ಟಿದ್ದರೆ, ಕೆಳಗಿನಿಂದ ತುಕ್ಕು ಉಬ್ಬಿದ್ದರೆ ಯಾವ ಪಾಲಿಶೂ ನಡೆಯದು, ಹೊಡೆಸಲೇಬೇಕು. ಆಗ ಬೇಕಾಗುವುದು ನಮ್ಮೂರಿನ ಟಿಂಕರಿಂಗ್ ಕೈ. ಕೊಳೆತ ತಗಡನ್ನು ಕತ್ತರಿಸಿ, ಹೊಸದನ್ನು ಬಡಿದು ಆಕಾರಕ್ಕೆ ತಂದು, ವೆಲ್ಡ್ ಮಾಡಿ, ಪುಟ್ಟಿಯನ್ನು ಉಗುರಿನ ದಪ್ಪಕ್ಕಿಂತ ಹೆಚ್ಚು ಬಳಸದ ಹಳೆ ಮೇಸ್ತ್ರಿಗಳು ಬೆಂಗಳೂರು, ಮೈಸೂರುಗಳಲ್ಲಿ ಇನ್ನೂ ಇದ್ದಾರೆ. ಅಂಥ ಕೈ ಪುಣೆಯಲ್ಲಿ ಕಡಿಮೆ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ 'ಪಯಣ' ಸಂಗ್ರಹಾಲಯದಲ್ಲಿ ಹಳೆ ಕಾರುಗಳನ್ನು ಕಾಪಾಡಿಟ್ಟಿರುವುದನ್ನು ನೋಡಿದವರು ನಮ್ಮವರಿಗೆ ಗಾಡಿಯ ಮೇಲೆ ಅಕ್ಕರೆ ಇಲ್ಲ ಅನ್ನಲಾರರು.

ಹವೆಯೂ ನಮ್ಮ ಕಡೆಯೇ. ಮುಂಬಯಿ, ಗೋವಾಗಳ ಮಳೆಗಾಲದಲ್ಲಿ ಎನ್‌ಸಿ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣಿದು, ಗಾಳಿಯ ತೇವ ಅಲ್ಲೇ ಕೂತು ಬಣ್ಣ ಬೆಳ್ಳಗಾಗುತ್ತದೆ, ನಿಧಾನವಾಗಿ ಆರುವ ಥಿನ್ನರ್ ಬೆರೆಸಿದರೂ ಪೂರ್ತಿ ಭರವಸೆ ಇಲ್ಲ. ಹೊಡೆಸುವುದು ಅನಿವಾರ್ಯವಾದರೆ ಡಿಸೆಂಬರಿನಿಂದ ಫೆಬ್ರವರಿಯ ಒಳಗೆ, ಬಯಲುಸೀಮೆಯ ಒಣಹವೆಯಲ್ಲಿ ಊರಲ್ಲೇ ಹೊಡೆಸಿ. ಒಳಗಿನ ಥಿನ್ನರ್ ಪೂರ್ತಿ ಹೊರಹೋಗುವವರೆಗೆ, ಕಡಿಮೆಯೆಂದರೆ ಎರಡು ತಿಂಗಳು, ವ್ಯಾಕ್ಸ್ ಹಾಕಬೇಡಿ, ಪ್ಲಾಸ್ಟಿಕ್ ಹೊದಿಕೆ ಹೊದಿಸಬೇಡಿ. ಎಲ್ಲಕ್ಕಿಂತ ಮೊದಲು, ಡಿಕ್ಕಿಯ ಮುಚ್ಚಳದ ಒಳಮೈ ಮತ್ತು ಬಾಗಿಲ ಸಂದುಗಳ ಹಳೆ ಬಣ್ಣಕ್ಕೆ ಕೈ ಹಚ್ಚಕೂಡದೆಂದು ಮೇಸ್ತ್ರಿಗೆ ಬಾಯಲ್ಲಿ ಹೇಳಿ, ಮೇಲೆ ಟೇಪ್ ಹಾಕಿಸಿ. ಮುಂದೆ ಬಣ್ಣ ಹೊಂದಿಸಬೇಕಾದಾಗ ನೋಡಿಕೊಳ್ಳಲು ಇರುವುದು ಅದೊಂದೇ.