ಹಾಡು, ಹತ್ತು ನಿಮಿಷ

ಇವರ ನೋಟ್‌ಬುಕ್ಕಿನಲ್ಲಿ ಆ ಸಾಲು ಕಂಡಾಗಲೇ ನನಗೆ ಉರಿದುಹೋಯಿತು. "1.00 – ಹಾಡು (10 ನಿಮಿಷ). 1.10 – ಊಟ." ಕೆಂಪು ಪೆನ್ನಿನಲ್ಲಿ ಅಡಿಗೆರೆ ಬೇರೆ. ಹಾಡಿಗಲ್ಲ, ಊಟಕ್ಕೆ.

ಬಾರ್ಸಿಲೋನಾದ ಮಗನ ಮನೆಗೆ ಬಂದು ಹದಿನೈದು ದಿನವಾಗಿತ್ತು. ಮೊಂಟ್ಸೆರಾಟ್ ಬೆಟ್ಟಕ್ಕೆ ಹೋಗಿಬರೋಣ ಅಂದವಳು ನಾನೇ. ಅಲ್ಲಿನ ಮಠದಲ್ಲಿ ಹಾಡುವ ಹುಡುಗರನ್ನು ಕೇಳಬೇಕು, ಅಷ್ಟೇ ನನ್ನಾಸೆ. "ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್ಸಮ್ಮಾ" ಅಂದ ಮಗ. ಆದರೆ ಇವರು ಮೂವತ್ತೆರಡು ವರ್ಷ ಆಫೀಸಿನಲ್ಲಿ ಫೈಲು ನೋಡಿದವರು. ಫೈಲಿಲ್ಲದೆ ರೈಲು ಹತ್ತುವುದುಂಟೇ?

ಜಗಳ ಶುರುವಾದದ್ದು ಬೆಟ್ಟದ ಬುಡದಲ್ಲಿ. ಅಂದರೆ, ನೋಟ್‌ಬುಕ್ಕಿನಲ್ಲಿದ್ದ ಬುಡದಲ್ಲಿ. ಬಾರ್ಸಿಲೋನಾದ ಪ್ಲಾಸಾ ಎಸ್ಪಾನ್ಯಾ ಸ್ಟೇಷನ್ನಿನಿಂದ ಹೊರಡುವ ಆರ್5 ರೈಲಿಗೆ ಅಲ್ಲಿ ಅಕ್ಕಪಕ್ಕ ಎರಡು ಸ್ಟೇಷನ್. ಮೊದಲನೆಯದರಲ್ಲಿ ಇಳಿದರೆ ಕೇಬಲ್ ಕಾರು, ಐದೇ ನಿಮಿಷಕ್ಕೆ ಮೇಲೆ. ಮುಂದಿನದರಲ್ಲಿ ಇಳಿದರೆ ಪುಟ್ಟ ರೈಲು. ಊಟಿ ರೈಲಿನ ಹಾಗೆ ಹಲ್ಲು ಕಚ್ಚಿಕೊಂಡು ಹತ್ತುತ್ತದೆ. ಎಲ್ಲ ಸೇರಿಸಿ ಒಂದೇ ಟಿಕೆಟ್ ತಗೊಳ್ಳುವುದಾದರೆ ಯಾವುದರಲ್ಲಿ ಹೋಗುವುದು ಅಂತ ಊರಲ್ಲೇ ತೀರ್ಮಾನ ಆಗಬೇಕು. ನಾಲ್ಕು ರಾತ್ರಿ ಕಳೆದರೂ ನಮ್ಮಲ್ಲಿ ಆಗಲಿಲ್ಲ.

ನನಗೆ ಕೇಬಲ್ ಕಾರೇ ಬೇಕಿತ್ತು. ಹಳದಿ ಡಬ್ಬಿ, ಕೆಳಗೆ ಕಣಿವೆ, ಎದುರಿಗೆ ಬೆರಳುಗಳ ಹಾಗೆ ನಿಂತ ಬಂಡೆಗಳು. ಇವರು ಮೊದಲ ರಾತ್ರಿ ಖರ್ಚಿನ ಲೆಕ್ಕ ತೆಗೆದರು. ಎರಡನೇ ರಾತ್ರಿ ಗಾಳಿಯ ವಿಷಯ. ಮೂರನೇ ರಾತ್ರಿ ಇತಿಹಾಸಕ್ಕೆ ಬಂದರು.

"ಅದು ಶುರುವಾಗಿದ್ದು 1930ರಲ್ಲಿ. ನಮ್ಮಪ್ಪ ಹುಟ್ಟಿದ ವರ್ಷ. ಅಪ್ಪನ ಮಂಡಿ ಕೊನೆಕೊನೆಗೆ ಹೇಗಾಗಿತ್ತು, ನೀನೇ ನೋಡಿದೀಯಲ್ಲ?"

ಕೇಬಲ್ಲಿಗೂ ಮಾವನವರ ಮಂಡಿಗೂ ಏನ್ರೀ ಸಂಬಂಧ ಅಂದೆ. ನಿಮ್ಮ ಪುಟ್ಟ ರೈಲು 1892ರದು, ನಿಮ್ಮ ತಾತನ ಕಾಲದ್ದು, ಅದರ ಮಂಡಿ ಹೇಗಿದೆಯೋ ಅಂತಲೂ ಅಂದೆ. ಇವರು ಅದಕ್ಕೇ ಕಾಯುತ್ತಿದ್ದರು ಅಂತ ಕಾಣುತ್ತೆ. ನೋಟ್‌ಬುಕ್ ತಿರುಗಿಸಿ ತೋರಿಸಿದರು: 1957ರಲ್ಲಿ ನಿಂತುಹೋಗಿತ್ತು, 2003ರಲ್ಲಿ ಹೊಸದಾಗಿ ಕಟ್ಟಿ ಮತ್ತೆ ಓಡಿಸಿದರು. "ಹಾಗಾದ್ರೆ ಹೊಸದು ಯಾವುದಾಯ್ತು?" ಅಂತ ಗೆದ್ದವರ ಹಾಗೆ ಕನ್ನಡಕ ಒರೆಸಿಕೊಂಡರು.

ನಾಲ್ಕನೇ ದಿನ ಬಟ್ಟೆ ಒಣಹಾಕುವಾಗ ನನಗೆ ಹೊಳೆಯಿತು. ಮಗನ ಮನೆ ಆರನೇ ಮಹಡಿ. ಬಾಲ್ಕನಿಗೆ ಇವರೂ ಸಹಾಯಕ್ಕೆ ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಗೋಡೆಗೆ ಬೆನ್ನು ಅಂಟಿಸಿಕೊಂಡೇ ನಿಂತು, ಅಲ್ಲಿಂದಲೇ ಕೈ ಚಾಚಿ ಕ್ಲಿಪ್ ಕೊಡುತ್ತಾರೆ. ಕಂಬಿಯ ಹತ್ತಿರಕ್ಕೆ ಒಂದು ಹೆಜ್ಜೆ ಇಲ್ಲ. ಹೆದರಿಕೆ ಅಂತ ಒಂದು ಮಾತು ಹೇಳಿದ್ದರೆ ಮೊದಲ ರಾತ್ರಿಯೇ ಮುಗಿಯುತ್ತಿತ್ತು. ಅದನ್ನು ಬಿಟ್ಟು ಮಾವನವರ ಮಂಡಿಯನ್ನು ಸ್ಪೇನಿಗೆ ಎಳೆತಂದರು! ಇವರ ಊಟದ ಡಬ್ಬಿಯನ್ನು ಮೂವತ್ತೆರಡು ವರ್ಷ ಕಟ್ಟಿದ್ದೇನೆ, ಯಾವ ನೋಟ್‌ಬುಕ್ಕೂ ಇಲ್ಲದೆ. ಒಂದು ದಿನ ತಡವಾಗಿದ್ದಿಲ್ಲ. ಅದು ಯಾರ ಲೆಕ್ಕಕ್ಕೂ ಇಲ್ಲ ಬಿಡಿ.

ನಿಜ, ಹುಡುಗರು ಹಾಡುವುದು ಹತ್ತು ನಿಮಿಷದ ಹತ್ತಿರವೇ. 'ಸಾಲ್ವೆ', ಆಮೇಲೆ 'ವಿರೊಲಾಯ್', ಮುಗೀತು. ಒಂಬತ್ತರಿಂದ ಹದಿನಾಲ್ಕು ವರ್ಷದವರು, ಮಠದಲ್ಲೇ ಇದ್ದು ಓದುತ್ತಾರೆ. 14ನೇ ಶತಮಾನದಲ್ಲೇ ಇಲ್ಲಿ ಹಾಡುವ ಹುಡುಗರಿದ್ದರಂತೆ. ಆ ಹತ್ತು ನಿಮಿಷವನ್ನೂ ಫೋನ್ ಎತ್ತಿ ಹಿಡಿದು ಕಳೆಯುವ ಜನ ಇರುತ್ತಾರಲ್ಲ, ಅವರ ಮೇಲೆ ನನಗೆ ಈಗಿನಿಂದಲೇ ಸಿಟ್ಟು.

ಅದೇ ಮಠದಲ್ಲಿ 'ಕೆಂಪು ಪುಸ್ತಕ' ಅಂತ ಒಂದು ಹಸ್ತಪ್ರತಿ ಇದೆ. 1399ರ ಸುಮಾರಿನದು. ಯಾತ್ರೆಗೆ ಬಂದವರು ರಾತ್ರಿ ಗುಡಿಯಲ್ಲಿ ಜಾಗರಣೆ ಮಾಡುವಾಗ ಹಾಡಿ ಕುಣಿಯಬೇಕು ಅನ್ನುತ್ತಿದ್ದರಂತೆ. ಏನೇನೋ ಹಾಡಿಬಿಟ್ಟಾರು ಅಂತ ಸನ್ಯಾಸಿಗಳೇ ಮರ್ಯಾದಸ್ಥ ಹಾಡುಗಳನ್ನು ಬರೆದಿಟ್ಟರು. ನಡೆದು ಬಂದವರು, ಕಾಲುನೋವು ಇದ್ದವರು, ಆದರೂ ಕುಣಿಯಬೇಕಿತ್ತು ಅವರಿಗೆ! ಅವರು ಸುಮ್ನೆ ಕೂತು ಕೇಳಿ ಎದ್ದುಹೋದವರಲ್ಲ. ಇದರಲ್ಲಿ ಏನೋ ಇದೆ, ಇವರಿಗೆ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಒಲೆ ಆರಿಸಿ ಬರುವಷ್ಟರಲ್ಲಿ ಆ 'ಏನೋ' ಮರೆತೇಹೋಗಿತ್ತು.

ಆ ರಾತ್ರಿ ಇವರು ಹಾಡಿನ ಟಿಕೆಟ್‌ಗೆ ಕೂತರು. ಯಾವ ತಾರೀಕು ಒತ್ತಿದರೂ ಇಲ್ಲ. "ಈ ಫೋನ್ ಸರಿ ಇಲ್ಲ" ಅಂದರು. ನನ್ನ ಫೋನ್ ಇಸಕೊಂಡರು. ಅದೂ ಸರಿ ಇರಲಿಲ್ಲ.

ಮಗ ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ ಕೇಳಿದ: "ಅಪ್ಪಾ, ಇದು ಜುಲೈ ಅಲ್ವಾ? ಸ್ಕೂಲ್ ಹುಡುಗರಿಗೆ ಬೇಸಿಗೆ ರಜೆ."

ಒಂಬತ್ತು ವರ್ಷದ ಮಕ್ಕಳು ರಜೆಗೆ ಅಮ್ಮನ ಹತ್ತಿರ ಹೋದರೆ ಸಿಟ್ಟು ಮಾಡಿಕೊಳ್ಳುವವಳಲ್ಲ ನಾನು. ಅವತ್ತು ಮಾಡಿಕೊಂಡೆ. ಇವರು ಕೆಂಪು ಪೆನ್ ತೆಗೆದು ಒಂದು ಗಂಟೆಯ ಸಾಲು ಹೊಡೆದುಹಾಕಿದರು. ಊಟ ಹತ್ತು ನಿಮಿಷ ಮುಂಚೆ ಬಂತು.

ಮರುದಿನ ಬಾಲ್ಕನಿಯಲ್ಲಿ, "ಹಾಡಂತೂ ಇಲ್ಲ, ಕೇಬಲ್ ಕಾರಲ್ಲಾದ್ರೂ ಹೋಗೋಣ್ವಾ?" ಅಂದೆ.

"ನೋಡೋಣ" ಅಂದರು. ಗೋಡೆಗೆ ಬೆನ್ನು ಅಂಟಿಸಿಕೊಂಡೇ ಕೈ ಚಾಚಿ ಇನ್ನೊಂದು ಕ್ಲಿಪ್ ಕೊಟ್ಟರು.